ಹ್ಞೂಂ ಅನ್ನೋರು

ನಮ್ಮ ದೊಡ್ಡಪ್ಪ ಕಥೆ ಹೇಳಬೇಕು ಅಂದ್ರೆ ಒಂದು ಷರತ್ತು ಇತ್ತು. ಕೇಳುವವರು ಹ್ಞೂಂ ಅನ್ನುತ್ತಿರಬೇಕು. ಮಾತಿಗೊಂದು ಹ್ಞೂಂ. ಅದು ನಿಂತರೆ ಕಥೆಯೂ ನಿಂತುಬಿಡುತ್ತಿತ್ತು. ಕರೆಂಟ್ ಹೋದ ರಾತ್ರಿಗಳಲ್ಲಿ ಹಜಾರದಲ್ಲಿ ಚಾಪೆ ಹಾಸಿಕೊಂಡು ನಾವು ಐದು ಜನ ಮಕ್ಕಳು ಸಾಲಾಗಿ ಬಿದ್ದುಕೊಂಡಿರುತ್ತಿದ್ದೆವು. ಒಬ್ಬೊಬ್ಬರೇ ನಿದ್ದೆಗೆ ಜಾರಿದ ಹಾಗೆ ಹ್ಞೂಂಗಳು ಕಡಿಮೆಯಾಗುತ್ತಾ ಬಂದು ಕೊನೆಗೆ ನನ್ನದೊಂದೇ ಉಳಿಯುತ್ತಿತ್ತು. ನಾನೂ ನಿದ್ದೆ ಹೋದೆ ಅಂತ ಗೊತ್ತಾದ ತಕ್ಷಣ ಅವರು ಎದ್ದು ಅಂಗಳಕ್ಕೆ ಹೋಗಿ ಬೀಡಿ ಹಚ್ಚುತ್ತಿದ್ದರು. ಅರೆನಿದ್ದೆಯಲ್ಲಿ ಆ ವಾಸನೆ ಬರುತ್ತಿತ್ತು.

ಕಥೆಗಳೆಲ್ಲ ಮಿಲಿಟ್ರಿಯವೇ. ಆದರೆ ಒಂದರಲ್ಲೂ ಯುದ್ಧ ಇರಲಿಲ್ಲ. ಮದ್ರಾಸಿನಲ್ಲಿ ಹಡಗು ಹತ್ತಿದ್ದು, ಹತ್ತಿ ಸ್ವಲ್ಪ ಹೊತ್ತಿಗೇ ಇಡೀ ಪಡೆ ವಾಂತಿಗೆ ಕೂತಿದ್ದು, ಕ್ಯಾಂಪಿಗೆ ನುಗ್ಗಿದ ಮೇಕೆಯೊಂದು ಸಾಹೇಬರ ಮ್ಯಾಪನ್ನೇ ತಿಂದುಹಾಕಿದ್ದು. ಈ ಮೇಕೆ ಕಥೆಯನ್ನ ನಾವು ಕಡಿಮೆ ಅಂದ್ರೂ ಐವತ್ತು ಸಲ ಕೇಳಿದ್ದೇವೆ. "ಕೊಲಂಬೋ ತಿಂದಾಯ್ತು, ಕ್ಯಾಂಡಿ ತಿಂದಾಯ್ತು, ಜಾಫ್ನಾಕ್ಕೆ ಬಾಯಿ ಹಾಕೋ ಹೊತ್ತಿಗೆ ನಾನು ಕಿವಿ ಹಿಡ್ಕೊಂಡೆ" ಅನ್ನುವಲ್ಲಿಗೆ ಬಂದರೆ ನಾವು ಹೊಟ್ಟೆ ಹಿಡಿದು ನಗುತ್ತಿದ್ದೆವು.

ದೊಡ್ಡಪ್ಪ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು, ಅಂದ್ರೆ ಸೈನ್ಯದ ಎಂಜಿನಿಯರ್ ಪಡೆಯಲ್ಲಿ. ಬೆಂಗಳೂರಿನ ಹಲಸೂರು ಕೆರೆ ಪಕ್ಕ ಎಂ.ಇ.ಜಿ. ಸೆಂಟರ್ ಇದೆಯಲ್ಲ, ಅದೇ. ಸೇರಿದ್ದು 1976ರಲ್ಲಿ, ನಿವೃತ್ತಿ 1993ರಲ್ಲಿ. ನಡುವೆ ಎರಡು ವರ್ಷಕ್ಕೂ ಜಾಸ್ತಿ ಶ್ರೀಲಂಕಾದಲ್ಲಿ. ಊರಿಗೆ ವಾಪಸ್ ಬಂದಾಗ ಕೈಯಲ್ಲಿದ್ದದ್ದು ಬಿಳಿ ಬಣ್ಣದಲ್ಲಿ ಹೆಸರು, ನಂಬರು ಬರೆದ ಕರಿ ಟ್ರಂಕು. ಊರಿನವರು ಅವರನ್ನ ಕೇಳುತ್ತಿದ್ದದ್ದು ಎರಡೇ ಪ್ರಶ್ನೆ. "ಎಷ್ಟು ಜನರನ್ನ ಹೊಡೆದೆ?" ಇನ್ನೊಂದು, "ಕ್ಯಾಂಟೀನ್ ರಮ್ಮು ತಂದಿದೀಯಾ?" ಎರಡನೆಯದಕ್ಕೆ ಮಾತ್ರ ಉತ್ತರ ಸಿಗುತ್ತಿತ್ತು.

ಪ್ರತಿ ಆಗಸ್ಟ್ 15ಕ್ಕೆ ನಮ್ಮೂರ ಶಾಲೆಯಲ್ಲಿ ಅವರಿಗೆ ಹಾರ ಹಾಕುತ್ತಿದ್ದರು. ಹೆಡ್‌ಮೇಷ್ಟ್ರು ಮೈಕ್ ಹಿಡಿದು "ಪಾಕಿಸ್ತಾನದ ವಿರುದ್ಧ ಎದೆಯೊಡ್ಡಿ ಹೋರಾಡಿದ ನಮ್ಮೂರಿನ ವೀರಯೋಧರು" ಅಂತ ಪರಿಚಯ ಮಾಡೋರು. 1971ರ ಯುದ್ಧ ಆಗುವಾಗ ದೊಡ್ಡಪ್ಪನಿಗೆ ಹದಿಮೂರು ವರ್ಷ, ಎಮ್ಮೆ ಕಾಯುತ್ತಿದ್ದರು. ಪಾಕಿಸ್ತಾನದ ಗಡಿಯನ್ನ ಅವರು ನೋಡಿದ್ದು ರಾಜಸ್ಥಾನದಲ್ಲಿ, ಅದೂ ಬಂಕರ್ ಕಟ್ಟುವ ಕೆಲಸದಲ್ಲಿ. ಆದರೂ ಅವರು ಒಂದು ಸಲವೂ ತಿದ್ದಲಿಲ್ಲ. ಹಾರ ಹಾಕಿಸಿಕೊಂಡು, "ಚೆನ್ನಾಗಿ ಓದಿ ಮಕ್ಕಳೇ" ಅಂತ ಒಂದು ಮಾತು ಹೇಳಿ ಕೂತುಬಿಡುತ್ತಿದ್ದರು. ನಾನು ಆಗ ನಾಲ್ಕನೇ ಕ್ಲಾಸು. ನಮ್ಮ ದೊಡ್ಡಪ್ಪ ನಲವತ್ತು ಜನ ಪಾಕಿಸ್ತಾನಿಗಳನ್ನ ಕೊಂದಿದಾರೆ ಅಂತ ಕ್ಲಾಸಿಗೆಲ್ಲ ಸಾರಿದ್ದೆ. ಆ ನಲವತ್ತು ಎಲ್ಲಿಂದ ಬಂತೋ ದೇವರಿಗೇ ಗೊತ್ತು. ಮಗ್ಗಿ ಪುಸ್ತಕದಿಂದ ಇರಬೇಕು.

ದೊಡ್ಡವನಾದ ಮೇಲೆ ಕೇಳಿದೆ, ಯಾಕೆ ದೊಡ್ಡಪ್ಪ ಸುಮ್ಮನಿರುತ್ತಿದ್ದಿರಿ ಅಂತ. "ಲಂಕಾ ಅಂದ್ರೆ ಆಮೇಲೆ ಯಾಕೆ ಹೋಗಿದ್ರಿ ಅಂತ ಕೇಳ್ತಾರೆ. ಏನಂತ ಹೇಳ್ಲಿ?" ಅಂದರು.

ನಿಜ, ಏನಂತ ಹೇಳೋದು? ಶ್ರೀಲಂಕಾದಲ್ಲಿ ತಮಿಳರಿಗೂ ಅಲ್ಲಿನ ಸರ್ಕಾರಕ್ಕೂ ಜಗಳ. 1983ರಿಂದ ತಮಿಳು ಹುಡುಗರಿಗೆ ನಮ್ಮ ದೇಶದಲ್ಲೇ ಬಂದೂಕಿನ ತರಬೇತಿ ಸಿಕ್ಕಿತು. 1987ರ ಜುಲೈ 29ಕ್ಕೆ ರಾಜೀವ್ ಗಾಂಧಿ ಕೊಲಂಬೋಗೆ ಹೋಗಿ ಅಲ್ಲಿನ ಅಧ್ಯಕ್ಷ ಜಯವರ್ಧನೆ ಜೊತೆ ಒಪ್ಪಂದ ಮಾಡಿಕೊಂಡರು. ಅದರ ಪ್ರಕಾರ ಹುಡುಗರು ಬಂದೂಕು ಒಪ್ಪಿಸಬೇಕು, ಅದನ್ನ ನೋಡಿಕೊಳ್ಳೋಕೆ ನಮ್ಮ ಸೈನ್ಯ ಹೋಗಬೇಕು. ಹೆಸರು ಶಾಂತಿಪಾಲನಾ ಪಡೆ. ಜಾಫ್ನಾದ ಜನ ಮೊದಲು ಹಾರ ಹಾಕಿದರು, ಎಳನೀರು ಕೊಟ್ಟರು. ಅಕ್ಟೋಬರ್ ಹೊತ್ತಿಗೆ ಎಲ್ಲ ತಿರುಗಿಬಿತ್ತು. ಬಂದೂಕು ಕೆಳಗಿಡಿಸಲು ಹೋದವರು ತಮಿಳು ಹುಲಿಗಳು, ಅಂದ್ರೆ ಎಲ್‌ಟಿಟಿಇ ಜೊತೆಗೇ ಯುದ್ಧಕ್ಕೆ ಬಿದ್ದರು. 1990ರ ಮಾರ್ಚ್ 24ರಂದು ಕೊನೆಯ ಸೈನಿಕರು ತ್ರಿಂಕೋಮಲಿಯಿಂದ ಹಡಗು ಹತ್ತುವ ಹೊತ್ತಿಗೆ ನಮ್ಮ ಕಡೆ ಸತ್ತವರು ಸುಮಾರು 1,200 ಜನ. ಕಾರ್ಗಿಲ್‌ನಲ್ಲಿ ಸತ್ತವರು 527. ಕಾರ್ಗಿಲ್ ಗೊತ್ತಿಲ್ಲದ ಮಗು ನಮ್ಮಲ್ಲಿಲ್ಲ, ಅಲ್ವಾ? ಅದಕ್ಕೆ ಎರಡು ಪಟ್ಟಿಗಿಂತ ಜಾಸ್ತಿ ಜನ ಸತ್ತ ಯುದ್ಧಕ್ಕೆ ನಮ್ಮ ಬಾಯಲ್ಲಿ ಒಂದು ಹೆಸರೂ ಇಲ್ಲ. "ಅದೇ, ಲಂಕಾಕ್ಕೆ ಹೋಗಿದ್ರಲ್ಲ" ಅನ್ನುತ್ತೇವೆ ಅಷ್ಟೇ.

ವಾಪಸ್ ಬಂದ ಹಡಗುಗಳನ್ನ ಎದುರುಗೊಳ್ಳಲು ತಮಿಳುನಾಡಿನ ಮುಖ್ಯಮಂತ್ರಿ ಕರುಣಾನಿಧಿ ಮದ್ರಾಸ್ ಬಂದರಿಗೆ ಹೋಗಲಿಲ್ಲ. ತಮಿಳರನ್ನ ಕೊಂದ ಸೈನ್ಯವನ್ನ ಸ್ವಾಗತಿಸಲಾರೆ ಅನ್ನೋದು ಅವರ ನಿಲುವು. ದೊಡ್ಡಪ್ಪನ ಪಡೆ ಅದಕ್ಕೆ ಕೆಲವು ತಿಂಗಳು ಮುಂಚೆಯೇ ಬಂದಿತ್ತು. ಅವರಿಗೆ ಈ ಸ್ವಾಗತದ ಬಗ್ಗೆ ಸಿಟ್ಟೇನೂ ಇರಲಿಲ್ಲ. "ಅವರ ಜನ ಸತ್ತಿದ್ರು, ಬರಲಿಲ್ಲ. ನಮ್ಮ ಜನಾನೂ ಸತ್ತಿದ್ರು, ನಮ್ಮೋರು ಬಂದ್ರಾ?" ಅಂತ ಕೇಳಿದ್ದರು ಒಮ್ಮೆ.

ಆಮೇಲೆ 1991 ಬಂತು. ಮೇ 21ಕ್ಕೆ ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿ ಹತ್ಯೆ. ಆಗಸ್ಟ್ 20ಕ್ಕೆ ನಮ್ಮ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಆ ಹತ್ಯೆಯ ಸಂಚು ನಡೆಸಿದ ಶಿವರಾಸನ್ ಮತ್ತು ಜೊತೆಯವರು ಸತ್ತರು. ದೊಡ್ಡಪ್ಪ ಆಗ ಹಲಸೂರಿನಲ್ಲೇ ಇದ್ದರು. ಜನ ಜಾತ್ರೆಗೆ ಹೋದ ಹಾಗೆ ಆ ಮನೆ ನೋಡೋಕೆ ಹೋಗುತ್ತಿದ್ದರಂತೆ. ಇವರು ಹೋಗಲಿಲ್ಲ. ಅಲ್ಲಿಂದ ಮುಂದೆ ನಮ್ಮೂರಿನಲ್ಲಿ ಶ್ರೀಲಂಕಾ ಅಂದ್ರೆ ಒಂದೇ ಅರ್ಥ, ರಾಜೀವ್ ಗಾಂಧಿಯನ್ನ ಕೊಂದೋರ ಜಾಗ. ಅದರೊಳಗೆ ದೊಡ್ಡಪ್ಪನ ಎರಡು ವರ್ಷ ಎಲ್ಲಿ ಇಡೋದು?

ಅವರು ಹೇಳದೇ ಇದ್ದದ್ದು ಅವರ ನಡಿಗೆಯಲ್ಲಿ ಇತ್ತು ಅಂತ ನನಗೆ ಈಗ ಅನ್ನಿಸುತ್ತೆ. ತೋಟಕ್ಕೆ ಹೋಗುವಾಗ ಸವೆದ ಜಾಡು ಬಿಟ್ಟು ಒಂದು ಹೆಜ್ಜೆ ಆಚೆ ಇಡುತ್ತಿರಲಿಲ್ಲ. ಹೊಸದಾಗಿ ಅಗೆದ ಮಣ್ಣು ಕಂಡರೆ ಸುತ್ತಿ ಹೋಗೋರು, ಅದು ನಮ್ಮದೇ ತೆಂಗಿನ ಪಾತಿ ಆಗಿದ್ದರೂ. ಒಂದು ಜಾತ್ರೆಯ ದಿನ ದಾರಿಯಲ್ಲಿ ಯಾರೋ ಬೀಳಿಸಿಕೊಂಡು ಹೋದ ಟಾರ್ಚು ಸಿಕ್ಕಿತ್ತು ನನಗೆ. ಹಳದಿ ಬಣ್ಣದ್ದು, ಹೊಚ್ಚ ಹೊಸದು. ಬಗ್ಗಿ ಎತ್ತಿಕೊಂಡೆ. ಬೆನ್ನಿಗೆ ಬಿದ್ದ ಏಟಿಗೆ ಟಾರ್ಚು ಒಂದು ಕಡೆ, ನಾನು ಒಂದು ಕಡೆ. ಅವರು ನನಗೆ ಹೊಡೆದದ್ದು ಅದೊಂದೇ ಸಲ. ಹೊಡೆದವರೇ ಕೂತು ನಡುಗುತ್ತಿದ್ದರು. ಅಪ್ಪ ಬಂದು "ಮಕ್ಕಳ ಮೇಲೆ ಯಾಕಣ್ಣ ಕೈ ಮಾಡ್ತೀಯ" ಅಂತ ಬೈದರು. ದೊಡ್ಡಪ್ಪ ಬೈಸಿಕೊಂಡರು.

ಇನ್ನೊಂದು, ಶಂಕರಪೋಳಿ. ದೀಪಾವಳಿಗೆ ದೊಡ್ಡಮ್ಮ ಡಬ್ಬಗಟ್ಟಲೆ ಮಾಡೋರು. ದೊಡ್ಡಪ್ಪ ಮುಟ್ಟುತ್ತಿರಲಿಲ್ಲ. ಸಿಹಿ ಇಷ್ಟ ಇಲ್ಲದವರೇನಲ್ಲ, ಹೋಳಿಗೆ ಕೊಟ್ಟರೆ ನಾಲ್ಕು ಹೊಡೆಯೋರು. ಅವರ ಪಾಲಿನ ಶಂಕರಪೋಳಿ ಯಾರಿಗೆ ಅನ್ನೋದೇ ನಮ್ಮ ಜಗಳ. ಯಾಕೆ ತಿನ್ನೋದಿಲ್ಲ ಅಂತ ಕೇಳಬೇಕು ಅಂತ ನಮಗೆ ಯಾರಿಗೂ ಹೊಳೆಯಲಿಲ್ಲ. ಮಕ್ಕಳು ಹಾಗೇ ಇರುತ್ತವೆ. ದೊಡ್ಡವರಿಗೂ ಹೊಳೆಯಲಿಲ್ಲ ಅನ್ನೋದು ಬೇರೆ.

ನಮ್ಮ ಕಡೆ, ಅಂದ್ರೆ ಅರಸೀಕೆರೆ, ತಿಪಟೂರು ಸುತ್ತಮುತ್ತ, ಕುರುಕ್ಷೇತ್ರ ನಾಟಕದ ಹುಚ್ಚು ಹೇಗಿದೆ ಅಂತ ಗೊತ್ತಿದ್ದವರಿಗೆ ಗೊತ್ತು. ಹಾರ್ಮೋನಿಯಂ ಮೇಷ್ಟ್ರು ಬಂದು ಮೂರು ತಿಂಗಳು ಕಲಿಸುತ್ತಾರೆ, ಪಾತ್ರಕ್ಕೆ ಇಷ್ಟು ಅಂತ ದುಡ್ಡು ಕಟ್ಟಬೇಕು, ದುರ್ಯೋಧನನಿಗೆ ಎಲ್ಲಕ್ಕಿಂತ ಜಾಸ್ತಿ. ದೊಡ್ಡಪ್ಪ ನಿವೃತ್ತಿಯಾಗಿ ಬಂದ ಎರಡನೇ ವರ್ಷ ಊರಿನವರು ನಾಟಕ ಎತ್ತಿದರು. ಮಿಲಿಟ್ರಿಯವರು, ಭೀಮನ ಪಾತ್ರ ನೀವೇ ಮಾಡಬೇಕು ಅಂತ ಒತ್ತಾಯ. ಕೊನೆಗೆ ಅವರು ಆರಿಸಿಕೊಂಡದ್ದು ವಿದುರನ ಪಾತ್ರ. ಸಭೆಯಲ್ಲಿ ಬಿಲ್ಲು ಮುರಿದು ಹಾಕಿ, ನಾನು ಈ ಯುದ್ಧ ಮಾಡೋದಿಲ್ಲ ಅಂತ ಎದ್ದು ಹೋಗುತ್ತಾನಲ್ಲ, ಅವನು. ಎರಡು ಹಾಡು, ಸ್ವಲ್ಪ ಮಾತು. ಊರಿನವರಿಗೆ ನಿರಾಸೆ. ಬಿಲ್ಲು ಮುರಿಯುವ ದೃಶ್ಯಕ್ಕೆ ಬಿದಿರಿನ ಬಿಲ್ಲನ್ನ ಮೊದಲೇ ಅರ್ಧ ಕೊಯ್ದು ಇಟ್ಟಿರುತ್ತಾರೆ. ಅವತ್ತು ಕೊಯ್ಯೋದು ಮರೆತಿದ್ದರು. ದೊಡ್ಡಪ್ಪ ಮಂಡಿಗೆ ಕೊಟ್ಟು ಎಷ್ಟು ಜಗ್ಗಿದರೂ ಮುರಿಯಲಿಲ್ಲ, ಜನ ನಗೋಕೆ ಶುರು ಮಾಡಿದರು, ಆಮೇಲೆ ಅದು ಮುರಿದಾಗ ಅಂಗೈ ಸೀಳಿ ರಕ್ತ ಬಂತು. ಶಿಳ್ಳೆಯೋ ಶಿಳ್ಳೆ.

2009ರ ಮೇ ತಿಂಗಳಲ್ಲಿ ನಾನು ರಜೆಗೆ ಊರಿಗೆ ಹೋಗಿದ್ದೆ. ಟಿವಿಯಲ್ಲಿ ಎಲ್‌ಟಿಟಿಇ ನಾಯಕ ಪ್ರಭಾಕರನ್ ಹೆಣ ತೋರಿಸುತ್ತಿದ್ದರು. ಎಲ್ಲ ಚಾನೆಲ್‌ನಲ್ಲೂ ಅದೇ, ಮತ್ತೆ ಮತ್ತೆ ಅದೇ. ದೊಡ್ಡಪ್ಪ ನೋಡುತ್ತಾ ಕೂತಿದ್ದವರು, "ಇವ್ರಿಗೆ ಬಂದೂಕು ಹಿಡಿಯೋದು ಕಲಿಸಿದ್ದೂ ನಾವೇ ಕಣೋ" ಅಂದು ಟಿವಿ ಆರಿಸಿದರು. ಅಟ್ಟದಿಂದ ಇಳಿಸಿದ ಕೊಬ್ಬರಿ ಕಾಯಿ ಅಂಗಳದಲ್ಲಿ ರಾಶಿ ಬಿದ್ದಿತ್ತು. ಸುಲಿಯೋಕೆ ಕೂತರು. ನಾನೂ ಹೋಗಿ ಕೂತೆ. ನನಗೆ ಆ ಕೆಲಸ ಸರಿಯಾಗಿ ಬರೋದಿಲ್ಲ, ಅವರು ನಾಲ್ಕು ಸುಲಿಯುವಷ್ಟರಲ್ಲಿ ನನ್ನದು ಒಂದು. ನಾರು ಕೀಳುತ್ತಾ, ನನ್ನ ಮುಖ ನೋಡದೇ, ಅವರು ಹೇಳೋಕೆ ಶುರು ಮಾಡಿದರು. ಅವತ್ತು ಹ್ಞೂಂ ಅನ್ನು ಅಂತ ಹೇಳಲಿಲ್ಲ. ನಾನೇ ಅಂದೆ.

ಬೆಳಗ್ಗೆ ಬೆಳಗ್ಗೆ ರಸ್ತೆ ತೆರೆಯೋದು ಸ್ಯಾಪರ್‌ಗಳ ಕೆಲಸ. ಅದಕ್ಕೆ ರೋಡ್ ಓಪನಿಂಗ್ ಅಂತಲೇ ಹೇಳುತ್ತಾರೆ. ರಾತ್ರಿ ಯಾರಾದರೂ ಬಂದು ಮೈನ್ ಹೂತಿದ್ದರೆ ಅದನ್ನ ಹುಡುಕಿ ತೆಗೆಯುವ ತನಕ ಹಿಂದಿನ ಗಾಡಿಗಳು ಬರುವ ಹಾಗಿಲ್ಲ. ಯಂತ್ರ ಇತ್ತು, ಆದರೆ ಅದಕ್ಕೆ ಕಬ್ಬಿಣ ಸಿಕ್ಕಿದರೆ ತಾನೇ ಕೂಗೋದು? ಅವರು ಪ್ಲಾಸ್ಟಿಕ್ ಕ್ಯಾನಿನಲ್ಲಿ, ಮರದ ಪೆಟ್ಟಿಗೆಯಲ್ಲಿ ತುಂಬಿ ಇಡುತ್ತಿದ್ದರು. ಹಾಗಾಗಿ ಹೊಟ್ಟೆ ಮೇಲೆ ಮಲಗಿ, ಮೊಣಕೈ ಊರಿ, ಕಡ್ಡಿಯಿಂದ ಮಣ್ಣು ಚುಚ್ಚುತ್ತಾ ಹೋಗಬೇಕು. ನೆಟ್ಟಗೆ ಚುಚ್ಚಿದರೆ ಮೈನಿನ ನೆತ್ತಿಗೆ ತಾಗುತ್ತೆ, ಕಥೆ ಮುಗೀತು. ಓರೆಯಾಗಿ ಇಳಿಸಿದರೆ ಪಕ್ಕೆಗೆ ತಾಗುತ್ತೆ. ಮಧ್ಯಾಹ್ನ ಊಟಕ್ಕೆ ಕೂತಾಗ ಮುದ್ದೆಗೆ ಕಡ್ಡಿ ಚುಚ್ಚಿ ಇಷ್ಟು ಓರೆ ಅಂತ ತೋರಿಸಿದರು. ದೊಡ್ಡಮ್ಮ "ಅನ್ನದ ಜೊತೆ ಆಟ ಆಡಬೇಡಿ" ಅಂದರು. ಅವರಿಗೆ ಅದು ಏನು ಅಂತ ಗೊತ್ತಿರಲಿಲ್ಲ. ಮದುವೆಯಾಗಿ ಇಪ್ಪತ್ತೇಳು ವರ್ಷ ಆಗಿತ್ತು.

ಅಲ್ಲಿನ ಮಣ್ಣು ನಮ್ಮ ತೋಟದ ಮಣ್ಣಿನ ಥರಾನೇ ಕೆಂಪಗಿತ್ತಂತೆ. ಬಾವಿ, ಈರುಳ್ಳಿ, ಮೆಣಸಿನಗಿಡ. ಓಣಿಯ ಎರಡೂ ಕಡೆ ತಾಳೆಗರಿಯ ಎತ್ತರದ ಬೇಲಿ, ಆಚೆ ಯಾರಿದ್ದಾರೆ ಅಂತ ಕಾಣೋದಿಲ್ಲ. "ನನಗೆ ತಮಿಳು ಬರ್ತಿತ್ತಲ್ಲ, ಅದೇ ತೊಂದರೆ ಆಗಿದ್ದು" ಅಂದರು. ಸೆಂಟರ್‌ನಲ್ಲಿ ಜೊತೆಯವರಿಂದ ಕಲಿತ ತಮಿಳು. ಉತ್ತರದಿಂದ ಬಂದ ಪಡೆಗಳ ಹುಡುಗರಿಗೆ ಅಲ್ಲಿನ ಹೆಂಗಸರು ಏನು ಕೂಗುತ್ತಿದ್ದಾರೆ ಅಂತ ಅರ್ಥ ಆಗುತ್ತಿರಲಿಲ್ಲ. ಇವರಿಗೆ ಒಂದೊಂದು ಮಾತೂ ಅರ್ಥ ಆಗುತ್ತಿತ್ತು. ಚೆಕ್‌ಪೋಸ್ಟಿನಲ್ಲಿ ಚೀಲ ಬಿಚ್ಚಿಸಿ ನೋಡುವಾಗ ಒಬ್ಬ ಅಜ್ಜಿ ಇವರ ಮುಖವನ್ನೇ ನೋಡಿ, ನೀನೂ ನಮ್ಮ ಹುಡುಗರ ಹಾಗೇ ಇದೀಯಲ್ಲೋ, ನಿನಗಿಲ್ಲಿ ಏನು ಕೆಲಸ ಅಂದಳಂತೆ. ಇವರು ತಮಿಳು ಬರದವರ ಹಾಗೆ ನಿಂತರಂತೆ.

ಇವರ ಜೊತೆ ಗೋಕಾಕ್ ಕಡೆಯವರೊಬ್ಬರು ಇದ್ದರು. ಎಲ್ಲರಿಗೂ ಸಾಲ ಕೊಡುತ್ತಿದ್ದರಂತೆ, ಅದಕ್ಕೆ ಸಾವ್ಕಾರ ಅಂತ ಹೆಸರು. ನಿಜವಾದ ಹೆಸರು ನಾನು ಇಲ್ಲಿ ಬರೆಯೋದಿಲ್ಲ, ಅವರ ಮನೆಯವರು ಈಗಲೂ ಇದ್ದಾರೆ. 1988ರ ಶುರುವಿನಲ್ಲಿ ಕಿಳಿನೊಚ್ಚಿ ಕಡೆಯ ರಸ್ತೆಯಲ್ಲಿ ಕೆಲಸ. ಎರಡು ದಿನದಿಂದ ಬಿಸಿ ಊಟ ಬಂದಿರಲಿಲ್ಲ. ಪೊಟ್ಟಣದಲ್ಲಿ ಕೊಡುವ ಶಕ್ಕರ್‌ಪಾರೆ, ಅಂದ್ರೆ ನಮ್ಮ ಶಂಕರಪೋಳಿಯೇ, ಅದನ್ನ ಅಗಿದು ನೀರು ಕುಡಿದುಕೊಂಡು ಇದ್ದರು. ರಸ್ತೆ ಪೂರ್ತಿ ನೋಡಿ ಆಯಿತು, ಏನೂ ಸಿಗಲಿಲ್ಲ, ಗಾಡಿಗಳಿಗೆ ಬನ್ನಿ ಅಂತ ಹೇಳಿದರು. ಸಾವ್ಕಾರ ಮೂತ್ರಕ್ಕೆ ಅಂತ ರಸ್ತೆ ಬಿಟ್ಟು ಬೇಲಿಯ ಕಡೆ ನಾಲ್ಕು ಹೆಜ್ಜೆ ಹೋದರು.

ತಕ್ಷಣ ಹೋಗಲಿಲ್ಲ. ಹೆಲಿಕಾಪ್ಟರ್ ಬರುವ ತನಕ ಇದ್ದರು, ಹತ್ತಿಸುವಾಗ ಹೋದರು. ನಡುವೆ ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಯ ಬಗ್ಗೆ ದೊಡ್ಡಪ್ಪ ಏನೂ ಹೇಳಲಿಲ್ಲ, ಅಷ್ಟು ಹೊತ್ತಿಗೆ ಆರೇಳು ಕಾಯಿ ಸುಲಿದಿದ್ದರು. "ಜೇಬಲ್ಲಿ ಇನ್ನೂ ಆ ಪೊಟ್ಟಣ ಇತ್ತು ಕಣ್ಲಾ ಮಗ" ಅಂದರು.

ಆಗೆಲ್ಲ ಹೆಣ ಊರಿಗೆ ತರುವ ಪದ್ಧತಿ ಇರಲಿಲ್ಲ. ತ್ರಿವರ್ಣ ಹೊದಿಸಿದ ಪೆಟ್ಟಿಗೆ, ತೆರೆದ ವಾಹನದಲ್ಲಿ ಮೆರವಣಿಗೆ, ಟಿವಿ ಕ್ಯಾಮೆರಾ, ಇವೆಲ್ಲ ನಾವು ನೋಡಿದ್ದು ಕಾರ್ಗಿಲ್‌ನಿಂದ ಈಚೆಗೆ. ಅದಕ್ಕೆ ಮುಂಚೆ ಸಾಮಾನ್ಯವಾಗಿ ಅಲ್ಲೇ ಸುಟ್ಟು, ಮನೆಗೆ ತಂತಿ, ಆಮೇಲೆ ಬೂದಿ, ಟ್ರಂಕು. ಮುಂದಿನ ರಜೆಯಲ್ಲಿ ದೊಡ್ಡಪ್ಪ ಸಾವ್ಕಾರರ ಊರಿಗೆ ಹೋದರು. ಯಾರೂ ಹೋಗು ಅಂತ ಹೇಳಿರಲಿಲ್ಲ. ನೂರಿಪ್ಪತ್ತು ರೂಪಾಯಿ ಸಾಲ ಬಾಕಿ ಇತ್ತು, ಅದನ್ನ ಕೊಟ್ಟು ಬರೋಣ ಅಂತ.

ತಾಯಿ ಒಲೆ ಮುಂದೆ ಕೂತಿದ್ದರು. ದೊಡ್ಡಪ್ಪ ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಕಟ್ಟಿಕೊಂಡು ಹೋಗಿದ್ದರಂತೆ. ಶತ್ರು ಎದುರಿಗೆ ಬಂದ, ಮುಂದೆ ನುಗ್ಗಿದ, ಒಂದೇ ಏಟಿಗೆ ಹೋದ, ನೋವೇ ಆಗಲಿಲ್ಲ. ಎಲ್ಲ ಒಪ್ಪಿಸಿದರು. ತಾಯಿ ಎಲ್ಲ ಕೇಳಿಸಿಕೊಂಡು, "ಯಪ್ಪಾ, ಉಂಡಿದ್ನೇನೋ ಅಂವಾ?" ಅಂತ ಕೇಳಿದರು.

ಅದಕ್ಕೆ ಇವರು ಏನೂ ಕಟ್ಟಿಕೊಂಡು ಹೋಗಿರಲಿಲ್ಲ.

"ಉಂಡಿದ್ದ ಅವ್ವ" ಅಂದರು.

"ಏನ್ ಉಂಡಿದ್ದ?"

"ರೊಟ್ಟಿ."

"ಅಲ್ಲಿ ರೊಟ್ಟಿ ಯಾರು ಬಡೀತಿದ್ರು?"

"ನಾನೇ ಅವ್ವ."

ಆ ತಾಯಿ ಇವರ ಕೈ ಹಿಡಿದು ತಿರುಗಿಸಿ ನೋಡಿ, "ನೀ ಮೈಸೂರು ಕಡೆಯಾಂವ, ನಿನಗೆಲ್ಲಿ ರೊಟ್ಟಿ ಬಡಿಯಾಕ ಬರತೈತಿ" ಅಂದು ಸ್ವಲ್ಪ ನಕ್ಕರಂತೆ. ಅಳೋಕೆ ಶುರು ಮಾಡಿದ್ದು ಅದಾದ ಮೇಲೆ. ಆಮೇಲೆ ಇವರಿಗೆ ರೊಟ್ಟಿ ಬಡಿದು ಹಾಕಿದರು. ನೂರಿಪ್ಪತ್ತು ರೂಪಾಯಿ ಕೊಡೋಕೆ ಧೈರ್ಯ ಬರಲಿಲ್ಲ, ಬಸ್‌ಸ್ಟ್ಯಾಂಡಿನ ತನಕ ಬಂದ ಸಾವ್ಕಾರರ ತಮ್ಮನ ಜೇಬಿಗೆ ತುರುಕಿ ಬಸ್ ಹತ್ತಿದರು.

ಆ ಮಧ್ಯಾಹ್ನದಿಂದ ನನಗೆ ಯುದ್ಧದ ಕಥೆ ಕೇಳೋದು ಕಷ್ಟ. ಬೇಸರ ಅಂತಲ್ಲ. ಹೇಳುವವರು ಎಲ್ಲಿ ನಿಲ್ಲಿಸುತ್ತಾರೆ ಅನ್ನೋದರ ಮೇಲೇ ಗಮನ ಹೋಗುತ್ತೆ. ನಮ್ಮೂರ ಹನುಮಂತರಾಯನ ಗುಡಿ ಪಕ್ಕ ಒಂದು ವೀರಗಲ್ಲಿದೆ. ನಮ್ಮ ನಾಡಿನಲ್ಲಿ ಸಾವಿರಾರು ಇವೆ, ನೀವೂ ನೋಡಿರುತ್ತೀರಿ. ಕೆಳಗಿನ ಪಟ್ಟಿಕೆಯಲ್ಲಿ ವೀರ ಹೋರಾಡುತ್ತಿರುತ್ತಾನೆ. ನಡುವಿನದರಲ್ಲಿ ಅಪ್ಸರೆಯರು ಕೈಹಿಡಿದು ಮೇಲಕ್ಕೆ ಕರೆದುಕೊಂಡು ಹೋಗುತ್ತಾರೆ. ಮೇಲಿನದರಲ್ಲಿ ಶಿವಲಿಂಗದ ಮುಂದೆ ಕೂತಿರುತ್ತಾನೆ. ಕೆಳಗಿನದಕ್ಕೂ ನಡುವಿನದಕ್ಕೂ ಮಧ್ಯೆ ಬೆರಳಗಲದ ಒಂದು ಪಟ್ಟಿ, ಬರಹ ಇದ್ದರೆ ಅಲ್ಲೇ ಇರುತ್ತೆ, ಇಲ್ಲದಿದ್ದರೆ ಬೋಳು. ಆ ಮುಕ್ಕಾಲು ಗಂಟೆ ಆ ಬೆರಳಗಲದಲ್ಲೇ ಎಲ್ಲೋ ಇರಬೇಕು. ಮೂತ್ರಕ್ಕೆ ಹೋಗಿ ಸತ್ತವನನ್ನ ಯಾವ ಶಿಲ್ಪಿಯೂ ಕೆತ್ತಿಲ್ಲ. ಮನೆಯ ಹೆಂಗಸರ ಕಥೆಗೆ ಬೇರೆ ಕಲ್ಲು, ಮಾಸ್ತಿಗಲ್ಲು. ಬಳೆ ತೊಟ್ಟು ಮೇಲೆತ್ತಿದ ಒಂದು ಕೈ, ಅಷ್ಟೇ. ಅವಳು ಗಂಡನ ಚಿತೆ ಹತ್ತಿದಳು ಅಂತ ಅರ್ಥ. ಬದುಕಿ ಉಳಿದು ಒಲೆ ಮುಂದೆ ಕೂತ ತಾಯಿಗೆ ಕಲ್ಲಿಲ್ಲ.

ಹಾಗಂತ ಕಲ್ಲುಗಳ ಮೇಲೆ ನನಗೆ ಕೋಪ ಇಲ್ಲ. ಬೇಗೂರಿನ ನಾಗೇಶ್ವರ ಗುಡಿಯಲ್ಲಿ ಕ್ರಿ.ಶ. 890ರ ಸುಮಾರಿನ ಒಂದು ಕಲ್ಲಿದೆ, ಬೆಂಗಳೂರಿನ ಹೆಸರು ಸಿಗುವ ಹಳೆಯ ಶಾಸನ ಅಂತ ಎಲ್ಲರೂ ಹೇಳುತ್ತಾರೆ. ಅದು ಊರಿನ ಗುಣಗಾನಕ್ಕೆ ಹಾಕಿಸಿದ್ದಲ್ಲ. ಬೆಂಗಳೂರಿನ ಕಾಳಗದಲ್ಲಿ ಬುಟ್ಟಣ ಸೆಟ್ಟಿ ಸತ್ತ ಅಂತ ಹೇಳೋಕೆ ಹಾಕಿಸಿದ್ದು. ಇಷ್ಟು ದೊಡ್ಡ ಊರಿನ ಹೆಸರು ಮೊದಲು ಬರೆದದ್ದೇ ಒಬ್ಬ ಸತ್ತವನಿಗಾಗಿ. ಯಾರೋ ಒಬ್ಬರು ಆ ಹೆಸರು ಉಳಿಯಬೇಕು ಅಂದುಕೊಂಡರಲ್ಲ, ಅಷ್ಟು ಸಾಕು ಅನ್ನಿಸುತ್ತೆ ಒಂದೊಂದು ಸಲ.

ಇನ್ನೊಂದು ಹೇಳದಿದ್ದರೆ ಈ ಬರಹ ಸುಳ್ಳಾಗುತ್ತೆ. 2013ರಲ್ಲಿ ಕೆಲಸದ ಮೇಲೆ ಆರು ತಿಂಗಳು ಟೊರಾಂಟೋದಲ್ಲಿದ್ದೆ. ಅಲ್ಲಿ ಸ್ಕಾರ್‌ಬರೋ ಅಂತ ಒಂದು ಕಡೆ, ಲಂಕಾದ ತಮಿಳರು ತುಂಬಾ ಇದ್ದಾರೆ. ಕೊತ್ತು ರೊಟ್ಟಿ ತಿನ್ನೋಕೆ ಒಂದು ಅಂಗಡಿಗೆ ಹೋಗುತ್ತಿದ್ದೆ. ಮಾಲೀಕರಿಗೆ ನನ್ನಷ್ಟೇ ಮಾತಿನ ಚಟ. ಬೆಂಗಳೂರಿನವನು ಅಂತ ಗೊತ್ತಾದಾಗ ಖುಷಿಪಟ್ಟರು. ಒಂದು ಸಂಜೆ ಗಿರಾಕಿಗಳು ಯಾರೂ ಇರಲಿಲ್ಲ. 1987ರಲ್ಲಿ ತನಗೆ ಹತ್ತು ವರ್ಷ, ಜಾಫ್ನಾದಲ್ಲಿದ್ದೆ ಅಂದರು. ಆ ವರ್ಷದ ದೀಪಾವಳಿ, ಅಕ್ಟೋಬರ್ 21, ನಮ್ಮ ಸೈನಿಕರು ಜಾಫ್ನ ಆಸ್ಪತ್ರೆಗೆ ನುಗ್ಗಿದ ದಿನ. ಡಾಕ್ಟರು, ನರ್ಸುಗಳು, ರೋಗಿಗಳು ಸೇರಿ ಅರವತ್ತಕ್ಕೂ ಜಾಸ್ತಿ ಜನ ಸತ್ತರು. ಒಳಗಿನಿಂದ ಗುಂಡು ಬಂತು ಅಂತ ಸೈನ್ಯ ಹೇಳಿತು. ಒಳಗಿದ್ದು ಬದುಕಿದವರು ಹೇಳಿದ್ದು ಬೇರೆ. ಅಂಗಡಿ ಮಾಲೀಕರ ಚಿಕ್ಕಮ್ಮ ಅಲ್ಲಿ ವಾರ್ಡಿನಲ್ಲಿದ್ದರಂತೆ. ಹೆಣಗಳ ನಡುವೆ ಹೆಣದ ಹಾಗೆ ಮಲಗಿ ರಾತ್ರಿ ಕಳೆದರಂತೆ. ಅವರು ಹೇಳುತ್ತಾ ಹೋದರು. ನನ್ನ ದೊಡ್ಡಪ್ಪ ಆಗ ಅಲ್ಲೇ ಇದ್ದರು ಅಂತ ನಾನು ಹೇಳಲಿಲ್ಲ. ಆ ಆಸ್ಪತ್ರೆಗೂ ದೊಡ್ಡಪ್ಪನಿಗೂ ಸಂಬಂಧ ಇಲ್ಲ, ಅವರು ಆಗ ಪಲಾಲಿ ಏರ್‌ಫೀಲ್ಡ್ ಹತ್ತಿರ ಇದ್ದರು. ಆದರೂ ಹೇಳೋಕೆ ಬಾಯಿ ಬರಲಿಲ್ಲ. ಹೇಳಿದ್ದರೆ ಅವರು ನಿಲ್ಲಿಸಿಬಿಡುತ್ತಿದ್ದರು. ಹ್ಞೂಂ ಅಂದೆ ಅಷ್ಟೇ. ಎಷ್ಟೋ ಸಲ ಅಂದೆ. ದುಡ್ಡು ತೆಗೆದುಕೊಳ್ಳಲಿಲ್ಲ ಅವರು ಅವತ್ತು.

ಎರಡೂ ಕಡೆಯ ತಪ್ಪನ್ನ ಬರೆದಿಟ್ಟವರು ಅಲ್ಲೇ ಇದ್ದರು. ಜಾಫ್ನ ವಿಶ್ವವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ಡಾಕ್ಟರ್ ರಜನಿ ತಿರಣಗಮ ಅಂತ. ನಮ್ಮ ಸೈನ್ಯ ಮಾಡಿದ್ದನ್ನೂ ಬರೆದರು, ಹುಲಿಗಳು ಮಾಡಿದ್ದನ್ನೂ ಬರೆದರು. 1989ರ ಸೆಪ್ಟೆಂಬರ್ 21ರಂದು ಸೈಕಲ್‌ನಲ್ಲಿ ಮನೆಗೆ ಹೋಗುವಾಗ ಅವರನ್ನ ಗುಂಡಿಟ್ಟು ಕೊಂದರು. ಅವರಿಗೆ 35 ವರ್ಷ. ಟೊರಾಂಟೋದಿಂದ ಬಂದ ಮೇಲೆ ದೊಡ್ಡಪ್ಪನಿಗೆ ಆ ಅಂಗಡಿಯವರ ಮಾತು ಹೇಳಿದೆ. ಪೂರ್ತಿ ಕೇಳಿದರು. "ನಾವು ಅಲ್ಲಿರ್ಲಿಲ್ಲ" ಅಂದರು. ಸ್ವಲ್ಪ ಹೊತ್ತಾದ ಮೇಲೆ "ಕೇಳಿದ್ದೆವು" ಅಂದರು.

ಲಂಕಾದಲ್ಲಿ ಸತ್ತ ನಮ್ಮ ಸೈನಿಕರಿಗೆ ಮೊದಲು ದೊಡ್ಡ ಸ್ಮಾರಕ ಕಟ್ಟಿದ್ದು ಶ್ರೀಲಂಕಾ, ಕೊಲಂಬೋ ಪಕ್ಕದ ಕೋಟ್ಟೆಯಲ್ಲಿ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ ಉದ್ಘಾಟನೆ ಆದದ್ದು 2019ರ ಫೆಬ್ರವರಿ 25ಕ್ಕೆ. ನಾನು ಹೋಗಿದ್ದು 2022ರ ನವೆಂಬರ್‌ನಲ್ಲಿ, ಬೇರೆ ಕೆಲಸಕ್ಕೆ ಹೋದವನು ಸಂಜೆ ಬಿಡುವು ಮಾಡಿಕೊಂಡೆ. ದೊಡ್ಡಪ್ಪ ಫೋನಿನಲ್ಲಿ ಸಾವ್ಕಾರರ ಪೂರ್ತಿ ಹೆಸರು, ನಂಬರು ಬಾಯಿಪಾಠ ಹೇಳಿದ್ದರು. ಅವರ ಸ್ವಂತ ಮೊಬೈಲ್ ನಂಬರ್ ಅವರಿಗೆ ನೆನಪಿರೋದಿಲ್ಲ.

ಅಲ್ಲಿ ಗೋಡೆಗಳು ಸುತ್ತು ಸುತ್ತಾಗಿವೆ. ಇಟ್ಟಿಗೆಯ ಹಾಗೆ ಗ್ರಾನೈಟ್ ಕಲ್ಲುಗಳು, ಒಂದೊಂದರ ಮೇಲೆ ಒಬ್ಬೊಬ್ಬರ ಹೆಸರು, ಬಂಗಾರದ ಬಣ್ಣದಲ್ಲಿ. ಉದ್ಘಾಟನೆಯ ಹೊತ್ತಿಗೆ 25,942 ಹೆಸರು ಇದ್ದವು. ಹೋರಾಡುವ ಪಟ್ಟಿಕೆ ಇಲ್ಲ, ಅಪ್ಸರೆಯರಿಲ್ಲ. ಹುಡುಕೋಕೆ ಹೊತ್ತು ಹಿಡಿಯಿತು. ಸಿಕ್ಕಿದಾಗ ಎದೆ ಮಟ್ಟಕ್ಕಿತ್ತು, ಕೈಯಿಟ್ಟು ನೋಡಿದೆ, ಬಿಸಿಲಿಗೆ ಕಾದ ಕಲ್ಲು ಇನ್ನೂ ಬೆಚ್ಚಗಿತ್ತು. ಫೋಟೋ ತೆಗೆದು ವಾಟ್ಸಾಪ್ ಮಾಡಿದೆ. ಐದು ನಿಮಿಷಕ್ಕೆ ಫೋನ್ ಬಂತು.

ಫೋಟೋ ಬಗ್ಗೆ ಏನೂ ಅನ್ನಲಿಲ್ಲ. ಚಳಿ ಇದೆಯಾ, ಸ್ವೆಟರ್ ಹಾಕಿದೀಯಾ ಅಂತ ಕೇಳಿದರು. ಆಮೇಲೆ, "ಪಕ್ಕದ್ದು ಯಾರ ಹೆಸರು?" ಅಂದರು.

ಓದಿದೆ. ಪಂಜಾಬಿನ ಕಡೆಯ ಹೆಸರು.

"ಹ್ಞೂಂ. ಅದರ ಪಕ್ಕದ್ದು?"

ಓದಿದೆ.

"ಹ್ಞೂಂ."

ಆ ಸಾಲು ಮುಗಿಯಿತು. ಕೆಳಗಿನ ಸಾಲು ಓದು ಅಂದರು. ನಾನು ಬಗ್ಗಿ, ಬೆಳಕು ಕಮ್ಮಿಯಾಗುತ್ತಿತ್ತು, ಒಂದೊಂದೇ ಹೆಸರು ಓದುತ್ತಾ ಹೋದೆ. ತಮಿಳು ಹೆಸರು, ಗೂರ್ಖಾ ಹೆಸರು, ಮರಾಠಿ ಹೆಸರು. ಎರಡು ಸಲ ಉಚ್ಚಾರ ತಪ್ಪಿತು, ತಿದ್ದಿದರು. ಅವರ ಕಡೆಯಿಂದ ಹಿಂದೆ ದೊಡ್ಡಮ್ಮನ ಕುಕ್ಕರ್ ಕೂಗುತ್ತಿದ್ದದ್ದು ಕೇಳಿಸುತ್ತಿತ್ತು. ಪಕ್ಕದಲ್ಲಿ ಸೆಲ್ಫಿ ತೆಗೆಯುತ್ತಿದ್ದ ಹುಡುಗರು ನನ್ನನ್ನೇ ನೋಡಿದರು. ಫೋನಿನಲ್ಲಿ ಚಾರ್ಜ್ 4 ಪರ್ಸೆಂಟ್ ಇತ್ತು. ಮುಂದಿನ ಹೆಸರು ಓದಿದೆ.

"ಹ್ಞೂಂ."